ಹಿತ್ತಲಿನ ಯಜಮಾನಿ

ಹಾಸಿಗೆ ಅಂಗಡಿಯ ಯಜಮಾನಿ ಯಾರಿಗೂ ಧನ್ಯವಾದ ಹೇಳಿದವಳಲ್ಲ. ಐವತ್ತು ದಾಟಿದ ಮೇಲೆ ಮೊದಲ ಸಲ ಹೇಳಿದಳು, ಹೇಳಿದ ದಿನವೇ ಮನೆ ಎರಡಾಯಿತು. ಸುಮ್ಮನಿದ್ದಿದ್ದರೆ ಏನೂ ಆಗುತ್ತಿರಲಿಲ್ಲ ಎಂದು ಅವಳ ಗಂಡ ಇವತ್ತಿಗೂ ಹೇಳುತ್ತಾನೆ. ಆದರೆ ಸುಮ್ಮನಿರುವ ವಿದ್ಯೆ ಆ ಮನೆಯಲ್ಲಿ ಒಲಿದಿದ್ದು ಅವನೊಬ್ಬನಿಗೇ.

ಕೆಳಗೆ ಅಂಗಡಿ, ಮೇಲೆ ಮನೆ. ಬೀದಿಯ ಕಡೆಗೆ ಗಲ್ಲಾಪೆಟ್ಟಿಗೆ ಮತ್ತು ಸುರುಳಿ ಸುತ್ತಿಟ್ಟ ಹಾಸಿಗೆಗಳು, ಅದರ ಹಿಂದೆ ಹತ್ತಿ ಹಿಂಜುವ ಯಂತ್ರ, ಅದರಾಚೆ ಹೊಲಿಗೆಯ ಕೋಣೆ, ಹಿತ್ತಲಲ್ಲಿ ಹಳೆಯ ಸಾಮಾನು ತುಂಬಿದ ತಗಡಿನ ಶೆಡ್ಡು. ಹತ್ತಿಯ ನವಿರು ಧೂಳು ಮೆಟ್ಟಿಲೇರಿ ಅಡಿಗೆಮನೆಯ ತನಕ ಬರುತ್ತಿತ್ತು. ಹಾಲಿನ ಪಾತ್ರೆಗೆ ಮುಚ್ಚಳ ಹಾಕಲು ಮರೆತರೆ ಕೆನೆ ಯಾವುದು, ಹತ್ತಿ ಯಾವುದು ತಿಳಿಯುತ್ತಿರಲಿಲ್ಲ. "ಇಷ್ಟು ಹತ್ತಿ ತಿಂದವರು ಸ್ವಲ್ಪ ಮೆತ್ತಗಿರಬೇಕಿತ್ತು. ಈ ಮನೇಲಿ ಒಬ್ಬರೂ ಇಲ್ಲ," ಎನ್ನುತ್ತಿದ್ದ ಗಂಡ.

ಅಂಗಡಿ ಕಟ್ಟಿದ್ದು ಅವನ ಅಪ್ಪ. ಅವರು ತೀರಿಕೊಂಡ ಮೇಲೆ ಅಜ್ಜಿ ಗಲ್ಲಾಪೆಟ್ಟಿಗೆಯ ಬೀಗದಕೈಯನ್ನು ಮಗನಿಗೆ ಕೊಡಲಿಲ್ಲ, ಸೊಸೆಗೆ ಕೊಟ್ಟಳು. ಯಜಮಾನಿಗೆ ಅವಳು ಅತ್ತೆ. ಆದರೆ ಮೊಮ್ಮಗಳು ಹುಟ್ಟಿದಂದಿನಿಂದ ಮನೆಮಂದಿಗೆಲ್ಲ ಅಜ್ಜಿಯೇ. ಮಗನಾದರೆ ಗಿರಾಕಿ ಕೇಳಿದ್ದೇ ಬೆಲೆ, ಸೊಸೆಯಾದರೆ ಅವಳು ಹೇಳಿದ್ದೇ ಬೆಲೆ ಎಂಬುದು ಅಜ್ಜಿಗೆ ಗೊತ್ತಿತ್ತು. ಮಗ ಬೇಸರಪಟ್ಟುಕೊಳ್ಳಲಿಲ್ಲ. ಸರಕಿನ ಗಾಡಿ ಓಡಿಸುತ್ತ, ಮನೆಮನೆಗೆ ಹಾಸಿಗೆ ಮುಟ್ಟಿಸುತ್ತ ಹಾಯಾಗಿದ್ದ. "ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಗಾದೆ ಮಾಡಿದನಲ್ಲ, ಅವನು ನಮ್ಮ ವ್ಯಾಪಾರಕ್ಕೆ ಕಲ್ಲು ಹಾಕ್ದ. ಕಾಲು ಇದ್ದಷ್ಟು ಹಾಸಿಗೆ ಕೊಂಡ್ಕೊಳ್ರಪ್ಪ ಅನ್ನಬೇಕಿತ್ತು," ಎಂದು ಗಿರಾಕಿಗಳನ್ನು ನಗಿಸುತ್ತಿದ್ದ.

ಬೀಗದಕೈ ಸೊಸೆಯ ಸೊಂಟ ಸೇರಿದ ಮೇಲೆ ಅತ್ತಿಗೆ ಬಂದಳು. ಅತ್ತಿಗೆ ಎಂದರೆ ಗಂಡನ ಅಕ್ಕ. ಕಟ್ಟಿಕೊಂಡವನು ಇನ್ನೊಬ್ಬಳ ಹಿಂದೆ ಹೋದನೆಂದು ಅವಳು ಅತ್ತು ಕರೆದು ಮಾಡಲಿಲ್ಲ. ಒಂದು ಪೆಟ್ಟಿಗೆ ಹಿಡಿದು ತವರಿಗೆ ಬಂದವಳು ಮಾರನೆಯ ಬೆಳಿಗ್ಗೆ ದಬ್ಬಳ ಕೈಗೆ ತೆಗೆದುಕೊಂಡಳು. ಗವುಸಿಗೆ ಅರಳೆ ತುಂಬಿ, ಕೋಲಿನಿಂದ ಬಡಿದು ಸಮಮಾಡಿದ ಹಾಸಿಗೆಗೆ ಮೇಲಿನಿಂದ ಕೆಳಕ್ಕೆ ಆ ಉದ್ದನೆಯ ಸೂಜಿ ತೂರಿಸಿ ಟಾಕು ಹಾಕುವುದು ಅವಳ ಕೆಲಸ. ಟಾಕು ಬಿಗಿಯಿದ್ದರೆ ಹತ್ತಿ ವರ್ಷಗಟ್ಟಲೆ ಕದಲುವುದಿಲ್ಲ. ಬೆಳಕು ಹಿತ್ತಲ ಕಿಟಕಿಯಿಂದ ಬರುತ್ತಿದ್ದುದರಿಂದ ಅವಳು ಯಾವಾಗಲೂ ಬಾಗಿಲಿಗೆ ಬೆನ್ನು ಹಾಕಿ ಕೂರುತ್ತಿದ್ದಳು. ಅವಳಿಗೆ ಸಂಬಳ ಎಂದು ಯಾರೂ ಕೊಟ್ಟಿರಲಿಲ್ಲ, ಅವಳೂ ಕೇಳಿರಲಿಲ್ಲ. ಮನೆಯವಳಲ್ಲವೇ.

ಇಷ್ಟಕ್ಕೆಲ್ಲ ಮೂಲ ಮಗಳು. ಓದು ಮುಗಿಸಿ ಅಂಗಡಿಗೇ ಬಂದ ಆ ಹುಡುಗಿಗೆ ಅಮ್ಮನ ಬಾಯಿಯದೇ ಚಿಂತೆ.

"ಅಮ್ಮ, ನೀನು ಗಿರಾಕಿಗಳ ಹತ್ರ ಮಾತಾಡೋದು ಕೇಳಿದ್ರೆ ಅವರೇ ಏನೋ ಕದ್ಕೊಂಡು ಹೋಗ್ತಿದ್ದಾರೆ ಅನ್ಸುತ್ತೆ. ವರ್ತಕರ ಸಂಘದಲ್ಲಿ ಮಾಲೀಕರಿಗೆ ಅಂತ ಒಂದು ಶಿಬಿರ ಇದೆ. ಕೃತಜ್ಞತೆ ಮತ್ತು ಆತ್ಮಾವಲೋಕನ. ನಿನ್ನ ಹೆಸರು ಕೊಟ್ಟು ಬಂದಿದ್ದೀನಿ."

"ಆತ್ಮ ಏನು?" ಎಂದಳು ಅಜ್ಜಿ.

"ಆತ್ಮಾವಲೋಕನ ಅಜ್ಜಿ. ಅಂದ್ರೆ ನಮ್ಮನ್ನ ನಾವೇ ನೋಡ್ಕೊಳ್ಳೋದು."

"ಅದಕ್ಕೆ ದುಡ್ಡು ಯಾಕೆ ಕೊಡಬೇಕು? ಮನೇಲಿ ಕನ್ನಡಿ ಇಲ್ವಾ?"

ದುಡ್ಡು ಕೊಟ್ಟಾಗಿತ್ತು. ಕೊಟ್ಟ ದುಡ್ಡು ಬಿಡುವ ಪೈಕಿಯಲ್ಲ ಯಜಮಾನಿ. ಹೋದಳು. ಸಂಜೆ ಬಂದು ಊಟಕ್ಕೆ ಕೂತು ಎಲ್ಲರನ್ನೂ ನಗಿಸಿದಳು. ಪಾಠ ಹೇಳಿದವರು ಸೆಕೆಯಲ್ಲೂ ಕೋಟು ತೆಗೆಯದ ಒಬ್ಬ ಮೇಷ್ಟ್ರಂತೆ. ಕುಡಿಯುವ ನೀರಿಗೆ ಧನ್ಯವಾದ ಹೇಳಿಸಿದರಂತೆ, ಕಿಟಕಿಗೆ ಹೇಳಿಸಿದರಂತೆ.

"ಕೂತ ಕುರ್ಚಿಗೂ ಹೇಳಿಸಿದ್ರು."

"ಕುರ್ಚಿ ಏನಂತು?" ಎಂದ ಗಂಡ.

"ಇಳಿದ್ರೆ ಸಾಕು ಅಂತು."

ಅತ್ತಿಗೆಯೂ ನಕ್ಕಳು. ಆದರೆ ಯಜಮಾನಿ ಒಂದು ಸಂಗತಿ ಹೇಳಲಿಲ್ಲ. ಕೋಟಿನ ಮೇಷ್ಟ್ರು ಎಲ್ಲರಿಗೂ ಕಣ್ಣು ಮುಚ್ಚಿಸಿ, "ನಿಮ್ಮ ವ್ಯಾಪಾರ ಯಾರ ಹೆಗಲ ಮೇಲೆ ನಿಂತಿದೆ? ಆ ಒಂದು ಮುಖ ನೆನೆಸಿಕೊಳ್ಳಿ," ಎಂದಿದ್ದರು. ತನ್ನ ಮುಖವೇ ಬರುತ್ತದೆಂದು ಅವಳು ಧೈರ್ಯವಾಗಿ ಕಣ್ಣು ಮುಚ್ಚಿದ್ದಳು. ಬಂದದ್ದು ಅತ್ತಿಗೆ. ಅದೂ ಅತ್ತಿಗೆಯ ಬೆನ್ನು. ಎಷ್ಟು ತಿಣುಕಿದರೂ ಮುಖ ಈ ಕಡೆ ತಿರುಗಲಿಲ್ಲ. ಪಕ್ಕದಲ್ಲಿ ಪಾತ್ರೆ ಅಂಗಡಿಯವನು ಯಾರ ಮುಖ ಕಂಡನೋ, ಬಿಕ್ಕಿ ಬಿಕ್ಕಿ ಅಳುತ್ತಿದ್ದ. ಇವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಒಂದೇ ಸೂರಿನ ಕೆಳಗೆ ಉಂಡು ಮಲಗುವ ಹೆಂಗಸಿನ ಮುಖ ನೆನಪಾಗುವುದಿಲ್ಲ ಎಂದರೆ ಏನರ್ಥ?

ಶಿಬಿರದ ಕೊನೆಗೆ ಮನೆಗೆಲಸವೂ ಇತ್ತು. ಕಣ್ಣು ಮುಚ್ಚಿದಾಗ ಕಂಡವರಿಗೆ, ಎಲ್ಲರೆದುರು, ಬಾಯಿಬಿಟ್ಟು ಧನ್ಯವಾದ ಹೇಳಬೇಕು. ಹಿಡಿದ ಕೆಲಸ ಅರ್ಧಕ್ಕೆ ಬಿಟ್ಟು ಅಭ್ಯಾಸವಿಲ್ಲದ ಯಜಮಾನಿ ಸೋಮವಾರ ಬೆಳಿಗ್ಗೆ ಯಂತ್ರ ನಿಲ್ಲಿಸಿದಳು. ಯಂತ್ರದವನು, ಗವುಸು ಹೊಲಿಯುವ ಇಬ್ಬರು ಹೆಂಗಸರು, ಮಗಳು, ಗಂಡ ಎಲ್ಲರನ್ನೂ ಹೊಲಿಗೆಯ ಕೋಣೆಗೆ ಕರೆದಳು. ಧನ್ಯವಾದ ಹೇಗೆ ಹೇಳುತ್ತಾರೆಂದು ಅವಳಿಗೆ ಗೊತ್ತಿದ್ದದ್ದು ಸಭೆ ಸಮಾರಂಭಗಳಲ್ಲಿ ಕೇಳಿದ್ದಷ್ಟೇ. ಅದೇ ಧಾಟಿಯಲ್ಲಿ, ಗಂಟಲು ಸರಿಮಾಡಿಕೊಂಡು, ಗಟ್ಟಿಯಾಗಿ ಹೇಳಿದಳು: "ಇಷ್ಟು ವರ್ಷಗಳ ಕಾಲ ನಮ್ಮ ಸಂಸ್ಥೆಗಾಗಿ ನಿಸ್ವಾರ್ಥವಾಗಿ ದುಡಿದ ನಮ್ಮ ಅತ್ತಿಗೆಯವರಿಗೆ ನಾನು ಹೃತ್ಪೂರ್ವಕ ಧನ್ಯವಾದಗಳನ್ನು ಅರ್ಪಿಸುತ್ತೇನೆ."

ಮಗಳು ಚಪ್ಪಾಳೆ ತಟ್ಟಿದಳು. ಉಳಿದವರೂ ತಟ್ಟಿದರು. ಅತ್ತಿಗೆ ಅರ್ಧ ಹಾಕಿದ ಟಾಕನ್ನು ಪೂರ್ತಿ ಮಾಡಿದಳು, ದಾರ ಕಡಿದಳು, ದಬ್ಬಳವನ್ನು ಹಾಸಿಗೆಗೆ ಚುಚ್ಚಿಟ್ಟಳು, ಸೀರೆಗೆ ಅಂಟಿದ ಅರಳೆ ಕೊಡವಿ ಮೆಟ್ಟಿಲೇರಿ ಹೋದಳು.

"ಪಾಪ, ಹೃದಯ ತುಂಬಿ ಬಂತು ಅಂತ ಕಾಣುತ್ತೆ," ಎಂದಳು ಮಗಳು.

ತುಂಬಿ ಬಂದದ್ದು ಹೃದಯವಲ್ಲ ಎಂದು ಊಟದ ಹೊತ್ತಿಗೆ ತಿಳಿಯಿತು. ಮಧ್ಯಾಹ್ನ ಎಲ್ಲರೂ ಮೇಲೆ ಬಂದರೆ ಒಲೆ ತಣ್ಣಗಿತ್ತು. ಬೆಳಿಗ್ಗೆ ತರಕಾರಿ ಹೆಚ್ಚಿ, ಬೇಳೆಗೆ ಇಟ್ಟು, ಆಮೇಲೆ ದಬ್ಬಳ ಹಿಡಿಯುವುದು ಅತ್ತಿಗೆಯ ಪದ್ಧತಿ. ಹತ್ತು ಗಂಟೆಗೆ ಒಮ್ಮೆ ಮೇಲೆ ಹೋಗಿ ಅನ್ನಕ್ಕಿಡುವುದೂ ಅವಳೇ. ಇವತ್ತು ಅವಳು ಪೆಟ್ಟಿಗೆ ಮುಂದೆ ಹಾಕಿಕೊಂಡು ಸೀರೆ ಮಡಚುತ್ತಿದ್ದಳು. ಪಕ್ಕದಲ್ಲಿ ಅಜ್ಜಿ ಹಸಿದ ಮುಖ ಹಾಕಿಕೊಂಡು ಕೂತಿದ್ದಳು.

"ಎಲ್ಲಿಗೆ ಹೊರಟೆ ಅತ್ತಿಗೆ?"

"ಎಲ್ಲಿಗೋ. ಕೆಲಸದಿಂದ ತೆಗೆದ ಮೇಲೆ ಕೇಳೋಕೆ ನೀನ್ಯಾರು?"

"ತೆಗೆದಿದ್ದು ಯಾರು?"

"ನೀನೇ. ಊರವರನ್ನೆಲ್ಲ ಕರೆದು ನಿಲ್ಲಿಸ್ಕೊಂಡು ಧನ್ಯವಾದ ಅಂದ್ಯಲ್ಲ. ಅದನ್ನ ಯಾವಾಗ ಹೇಳ್ತಾರೆ? ಸಮಾರಂಭ ಮುಗಿದ ಮೇಲೆ, ಕುರ್ಚಿ ಮಡಚೋ ಮುಂಚೆ. ನಾನೇನು ಅಷ್ಟು ದಡ್ಡಿನಾ?"

ಗಂಡನಿಗೆ ನಗು ತಡೆಯಲಾಗಲಿಲ್ಲ. ಹೆಂಡತಿ ಒಮ್ಮೆ ನೋಡಿದ ಮೇಲೆ ತಡೆಯಲಾಯಿತು.

"ಅಯ್ಯೋ ಅತ್ತೆ," ಎಂದಳು ಮಗಳು, "ಅದು ಹಾಗಲ್ಲ. ಅಮ್ಮ ನಿಜವಾಗ್ಲೂ ನಿಮ್ಮ ಉಪಕಾರ ನೆನೆದು ಹೇಳಿದ್ದು."

"ಉಪಕಾರ? ನಾನು ಯಾರಿಗೆ ಉಪಕಾರ ಮಾಡಿದ್ದು? ನನ್ನ ಅಪ್ಪನ ಅಂಗಡಿ ಅಂತ ದುಡಿದೆ. ಉಪಕಾರ ಹೊರಗಿನವರು ಮಾಡೋದು, ಧನ್ಯವಾದ ಹೊರಗಿನವರಿಗೆ ಹೇಳೋದು. ನಿನಗೆ ನಾನು ದಿನಾ ತಟ್ಟೆಗೆ ಬಡಿಸ್ತೀನಲ್ಲ, ಯಾವತ್ತಾದ್ರೂ ಧನ್ಯವಾದ ಹೇಳಿದ್ಯಾ? ಹೇಳಿದ್ರೆ ಸೌಟಿನಲ್ಲಿ ಹೊಡೀತಿದ್ದೆ."

"ಈಗ ಏನು ಮಾಡಬೇಕು ಅಂತೀಯ?" ಯಜಮಾನಿಯ ದನಿ ಏರಿತು. "ಹೇಳದಿದ್ರೆ ಒರಟಿ, ಹೇಳಿದ್ರೆ ಹೊರಗೆ ಹಾಕಿದವಳು."

"ಒಂದು ಮಾತು ಹೇಳು. ನಾನು ಈ ಅಂಗಡೀಲಿ ಕೆಲಸದವಳಾ, ಮನೆಯವಳಾ?"

"ಮನೆಯವಳು! ಅದರಲ್ಲಿ ಕೇಳೋದೇನಿದೆ?"

"ಹಾಗಾದ್ರೆ ಫೋಮ್ ಹಾಸಿಗೆ ತರಿಸೋಣ, ಕೈಹೊಲಿಗೆ ನಿಲ್ಲಿಸೋಣ ಅಂತ ನೀವು ತಾಯಿ ಮಗಳು ಗಲ್ಲಾದ ಹತ್ರ ಕೂತು ಮಾತಾಡಿದ್ರಲ್ಲ, ಮನೆಯವಳನ್ನ ಯಾಕೆ ಕೇಳಲಿಲ್ಲ? ನನ್ನ ಬೆನ್ನಿಗೆ ಕಣ್ಣಿಲ್ಲ ಅಷ್ಟೇ, ಕಿವಿ ಇದೆ."

ಫೋಮಿನ ಮಾತು ನಡೆದದ್ದು ನಿಜ. ಮಗಳ ಲೆಕ್ಕದಲ್ಲೂ ತಪ್ಪಿರಲಿಲ್ಲ, ಬೀದಿಯ ಆಚೆ ಬದಿಯ ಅಂಗಡಿಯವನು ಅದನ್ನೇ ಮಾರಿ ಮಹಡಿ ಕಟ್ಟಿದ್ದ. ಆದರೆ ಅತ್ತಿಗೆಯನ್ನು ಕೇಳಬೇಕು ಎಂದು ತಾಯಿಗೂ ಹೊಳೆದಿರಲಿಲ್ಲ, ಮಗಳಿಗೂ ಹೊಳೆದಿರಲಿಲ್ಲ.

"ಸರಿ, ಕೆಲಸದವಳು ಅಂತಾನೇ ಇಟ್ಕೋ. ಯಾವ ಕೆಲಸದವಳು ಸಂಬಳ ಇಲ್ದೆ ಇಷ್ಟು ವರ್ಷ ಕೂರ್ತಾಳೆ? ಎರಡೂ ಅಲ್ಲ ಅಂದ್ರೆ ನಾನೇನು ನಿಮ್ಮ ಹೊಲಿಗೆ ಯಂತ್ರಾನಾ?"

"ತೂತು ಒಲೆ ಕೆಡಿಸಿತು, ಮಾತು ಮನೆ ಕೆಡಿಸಿತು," ಎಂದು ಅಜ್ಜಿ ಗೊಣಗಿದಳು. "ಇಲ್ಲಿ ಒಲೇನೂ ಹತ್ತಿಲ್ಲ. ಜಗಳ ಆಮೇಲಾಡಿ. ಯಾರಾದ್ರೂ ಒಂದು ಮೊಟ್ಟೆ ಬೇಯಿಸಿ."

ಮೊಟ್ಟೆ ಬೇಯಿಸಿದವನು ಗಂಡ. ಪೆಟ್ಟಿಗೆಯನ್ನು ಮತ್ತೆ ಮಂಚದ ಕೆಳಕ್ಕೆ ತಳ್ಳಿದವಳು ಅಜ್ಜಿ, "ನಾನು ಇರೋ ತನಕ ಇದು ನಿನ್ನ ತವರು, ಎಲ್ಲಿಗೂ ಹೋಗಕೂಡದು," ಎಂದು ಅತ್ತಿಗೆಗೆ ಗದರಿ. ಅತ್ತಿಗೆ ಮನೆ ಬಿಡಲಿಲ್ಲ. ಬಿಟ್ಟದ್ದು ಕೆಳಗಿನ ಅಂಗಡಿಯನ್ನು. ಅದೇ ವಾರ ಶೆಡ್ಡಿನ ಮುರುಕು ಕುರ್ಚಿ, ತುಕ್ಕು ಡಬ್ಬಗಳನ್ನೆಲ್ಲ ಅಂಗಳಕ್ಕೆ ಎಸೆದು, ನೆಲ ತೊಳೆದು, ಓಣಿಗೆ ತೆರೆಯುವ ಬಾಗಿಲಿನ ಮೇಲೆ ಸೀಮೆಸುಣ್ಣದಿಂದ ದಪ್ಪಗೆ ಬರೆದಳು: ಹಳೇ ಹಾಸಿಗೆ ಬಿಚ್ಚಿ ಹೊಸದು ಮಾಡಿಕೊಡಲಾಗುವುದು.

ಯಜಮಾನಿಯ ಹೊಟ್ಟೆಗೆ ಬೆಂಕಿ ಬಿದ್ದದ್ದು ಆಗ. ಹಳೆಯ ಹಾಸಿಗೆ ಹೊತ್ತು ತಂದವರನ್ನು "ಅದನ್ನ ಎಸೀರಿ, ಹೊಸದು ಕೊಳ್ಳಿ," ಎಂದು ಅವಳೇ ಅಟ್ಟುತ್ತಿದ್ದಳು. ಈಗ ಅಟ್ಟಿದವರೆಲ್ಲ ಪಕ್ಕದ ಓಣಿಯಲ್ಲಿ ತಿರುಗಿ ಹಿತ್ತಲಿಗೆ ಹೋಗತೊಡಗಿದರು.

"ನಿಮ್ಮಕ್ಕ ನಮ್ಮ ಗಿರಾಕಿ ಕಿತ್ಕೊಂಡ್ಲು," ಎಂದಳು ಗಂಡನಿಗೆ.

"ನೀನು ಬೇಡ ಅಂದ ಗಿರಾಕಿ. ಬೀದೀಲಿ ಬಿದ್ದಿದ್ದನ್ನ ಎತ್ಕೊಂಡ್ರೆ ಕಿತ್ಕೊಂಡ ಹಾಗಾ?"

"ನೀವು ಯಾರ ಕಡೆ?"

"ಊಟ ಯಾರು ಹಾಕ್ತಾರೋ ಅವರ ಕಡೆ. ಸದ್ಯಕ್ಕೆ ಯಾರೂ ಹಾಕ್ತಿಲ್ಲ."

ಅದೂ ನಿಜ. ಬೆಳಿಗ್ಗೆ ಎದ್ದರೆ ಅತ್ತಿಗೆ ಚಹಾ ಕುಡಿದು ಲೋಟ ತೊಳೆದಿಟ್ಟು, "ನನ್ನ ಅಂಗಡಿ ತೆಗೀಬೇಕು, ಹೊತ್ತಾಯ್ತು," ಎಂದು ಇಳಿದು ಹೋಗುತ್ತಿದ್ದಳು. ಆಲೂಗಡ್ಡೆ ಸುಲಿಯುವುದು, ಬೇಳೆ ತೊಳೆಯುವುದು, ಅಜ್ಜಿಗೆ ಬಿಸಿನೀರು ಕಾಯಿಸುವುದು ಎಲ್ಲ ಯಜಮಾನಿಯ ತಲೆಗೆ ಬಂತು. ಒಂದು ದಿನ ಉಪ್ಪು ಎರಡು ಸಲ ಬಿತ್ತು, ಮರುದಿನ ಬೀಳಲೇ ಇಲ್ಲ. ಮಗಳು ಪಾತ್ರೆ ತಿಕ್ಕಿದಳು, ತಿಕ್ಕುವಾಗೆಲ್ಲ ಫೋನು ನೋಡಿದಳು. ರಾತ್ರಿಯೂಟಕ್ಕೆ ಮಾತ್ರ ಎಲ್ಲರೂ ಒಟ್ಟಿಗೆ ಕೂರಬೇಕೆಂಬುದು ಅಜ್ಜಿಯ ಕಟ್ಟಪ್ಪಣೆ. ಕೂರುತ್ತಿದ್ದರು. ಅತ್ತಿಗೆ ತನ್ನ ಪಾಲಿನ ತರಕಾರಿ, ಹಾಲು ತಾನೇ ತಂದು ಇಡುತ್ತಿದ್ದಳು. ಅದು ಯಜಮಾನಿಗೆ ಕೆನ್ನೆಗೆ ಹೊಡೆದಷ್ಟು ಅವಮಾನವಾಗುತ್ತಿತ್ತು.

"ಅದನ್ನ ಯಾಕೆ ತರ್ತೀಯ? ಮನೇಲಿ ಇಲ್ವಾ?"

"ಇದೆ. ಇರೋದ್ರಲ್ಲಿ ನಂದೂ ಇರಲಿ ಅಂತ ತಂದೆ," ಎಂದಳು ಅತ್ತಿಗೆ, ಅಜ್ಜಿಯ ತಟ್ಟೆಗೆ ಬಡಿಸುತ್ತ.

ಫೋಮ್ ಹಾಸಿಗೆಗಳು ಬಂದವು. ಪ್ಲಾಸ್ಟಿಕ್ ಹೊದ್ದು ಗೋಡೆಗೊರಗಿ ನಿಂತವು, ಒಂದಷ್ಟು ಹೋದವು. ಹತ್ತಿಯವನ್ನು ಗವುಸಿನ ಹೆಂಗಸರ ಕೈಯಲ್ಲಿ ಟಾಕು ಹಾಕಿಸಿದ್ದಾಯಿತು. ಅವರಿಗೆ ಗವುಸು ಹೊಲಿದು ಗೊತ್ತು, ದಬ್ಬಳ ಗೊತ್ತಿಲ್ಲ. ಯಜಮಾನಿ ನಿಂತು ಕೂಗಾಡಿದ್ದರಿಂದ ಟಾಕು ಇನ್ನಷ್ಟು ಸಡಿಲವಾಯಿತು. ತಿಂಗಳು ತುಂಬುವುದರೊಳಗೆ ಹೆಣ್ಣುಮಕ್ಕಳ ಹಾಸ್ಟೆಲಿನ ಮೇಡಂ ಒಂದು ಹಾಸಿಗೆಯನ್ನು ರಿಕ್ಷಾದ ಮೇಲೆ ಹಾಕಿಸಿಕೊಂಡು ಬಂದೇಬಿಟ್ಟರು. ವರ್ಷಾನುಗಟ್ಟಲೆಯಿಂದ ಅಂಗಡಿಯ ದೊಡ್ಡ ಗಿರಾಕಿ ಅವರೇ.

"ನಡುವೆ ಹಳ್ಳ, ಕಾಲ ಹತ್ರ ಗುಡ್ಡ. ನಮ್ಮ ಹುಡುಗೀರು ಮಲಗ್ತಿರಲಿಲ್ಲಮ್ಮ, ಬೆಟ್ಟ ಹತ್ತಿ ಇಳೀತಿದ್ರು."

"ಮೇಡಂ, ಫೋಮ್ ನೋಡಿ," ಎಂದಳು ಮಗಳು.

"ಬೇಡ ಕಣಮ್ಮ, ಬೆನ್ನು ಬೇಯುತ್ತೆ. ಮುಂಚೆ ಹೊಲೀತಿದ್ದವರು ಎಲ್ಲಿ? ಹಾಸ್ಟೆಲ್ ರಜಾ ಶುರುವಾಗಿದೆ. ತೆಗೆಯೋ ಅಷ್ಟರಲ್ಲಿ ಅಷ್ಟೂ ಹಾಸಿಗೆ ಬಿಚ್ಚಿ ಮಾಡಿಸಬೇಕು."

ಯಜಮಾನಿ ಬಾಯಿ ತೆರೆಯುವ ಮೊದಲೇ ಯಂತ್ರದವನು ಹಿತ್ತಲ ಕಡೆ ಕೈ ತೋರಿಸಿಬಿಟ್ಟ. ಮೇಡಂ ಓಣಿಗೆ ತಿರುಗಿದರು. ಹಾಸಿಗೆ ಹೊತ್ತ ರಿಕ್ಷಾ ಅವರ ಹಿಂದೆ ಹೋಯಿತು.

ಆ ಸಂಜೆ ಯಜಮಾನಿ ಅರಳೆ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತಳು. ಶಿಬಿರದಲ್ಲಿ ಹೇಳಿಕೊಟ್ಟಂತೆ ದಿನವೂ ಸ್ವಲ್ಪ ಹೊತ್ತು ಹಾಗೆ ಕೂರುವುದನ್ನು ಅವಳು ಹಟಕ್ಕೆಂದೇ ನಡೆಸಿಕೊಂಡು ಬಂದಿದ್ದಳು. ಮೊದಲ ವಾರ ನಿದ್ದೆ ಬರುತ್ತಿತ್ತು, ಆಮೇಲೆ ಸೊಳ್ಳೆ. ಇವತ್ತು ಅದೇ ಬೆನ್ನು ಬಂದು ಕೂತಿತು. ಥೂ ಎಂದು ಎದ್ದಳು. ಕಣ್ಣು ಮುಚ್ಚಿ ಕಾಣದ್ದನ್ನು ಕಣ್ಣು ಬಿಟ್ಟೇ ನೋಡಿದರಾಯಿತು ಎಂದು ಹಿತ್ತಲಿಗೆ ನಡೆದಳು.

ಶೆಡ್ಡಿನ ಬಾಗಿಲು ತೆರೆದಿತ್ತು. ಇಲ್ಲಿ ಅತ್ತಿಗೆ ಬಾಗಿಲಿಗೆ ಎದುರಾಗಿ ಕೂತಿದ್ದಳು. ಗಿರಾಕಿ ಬಂದದ್ದು ಕಾಣಬೇಕಲ್ಲ. ದಾರವನ್ನು ಹಲ್ಲಿನಲ್ಲಿ ಕಚ್ಚಿಕೊಂಡು ದಬ್ಬಳ ಎಳೆಯುತ್ತಿದ್ದಳು. ಅವಳ ಹುಬ್ಬು ಬೆಳ್ಳಗಾಗಿತ್ತು. ಎಡಗಣ್ಣಿನ ಕೆಳಗೆ ಒಂದು ಮಚ್ಚೆಯಿತ್ತು. ಟಾಕು ಬಿಗಿಯುವಾಗ ತುಟಿ ಒಂದು ಕಡೆ ಸೊಟ್ಟಗಾಗಿ, ಬಿಟ್ಟಾಗ ಸರಿಯಾಗುತ್ತಿತ್ತು. ಇದನ್ನೆಲ್ಲ ತಾನು ಇವತ್ತೇ ನೋಡುತ್ತಿದ್ದೇನೆ ಎಂದು ತಿಳಿದು ಯಜಮಾನಿಗೆ ನಾಚಿಕೆಯಾಯಿತು. ಅವಳು ಮಾತಾಡದೆ ಹಿಂದಿರುಗಿದಳು. ಮೆಟ್ಟಿಲ ಮೇಲೆ ಕೂತು ಸೆರಗಿನಿಂದ ಮೂಗು ಒರೆಸಿಕೊಂಡಳು, ಹತ್ತಿಯ ಧೂಳು ಎಂದು ಮಗಳಿಗೆ ಸುಳ್ಳು ಹೇಳಿದಳು.

ಊಟಕ್ಕೆ ಕೂತಾಗ ಅತ್ತಿಗೆ ಯಾರನ್ನೂ ನೋಡದೆ ಹೇಳಿದಳು: "ಹಾಸ್ಟೆಲ್ ಕೆಲಸ ಒಪ್ಕೊಂಡಿದ್ದೀನಿ. ಒಬ್ಬಳ ಕೈಲಿ ಆಗಲ್ಲ. ದಬ್ಬಳ ಹಿಡಿದು ಗೊತ್ತಿರೋರು ಯಾರಾದ್ರೂ ಇದ್ರೆ ಹೇಳಿ."

ಎಲ್ಲರೂ ಯಜಮಾನಿಯ ಮುಖ ನೋಡಿದರು. ಮದುವೆಯಾಗಿ ಬಂದ ಹೊಸದರಲ್ಲಿ ಮಾವನ ಕೈಕೆಳಗೆ ಟಾಕು ಕಲಿತವಳು ಅವಳೇ. ಬೀಗದಕೈ ಬಂದ ಮೇಲೆ ದಬ್ಬಳ ಮುಟ್ಟಿರಲಿಲ್ಲ. ಅವಳು ತಲೆ ತಗ್ಗಿಸಿ ಅನ್ನ ಕಲಸಿದಳು.

ಅತ್ತಿಗೆ ಎದ್ದು ಹೋದ ಮೇಲೆ ಮಗಳು ಪಿಸುಗುಟ್ಟಿದಳು. "ಅಮ್ಮ, ಹೋಗಿ ಒಂದು ಸಲ ಸಾರಿ ಕೇಳು. ಎಲ್ಲ ಸರಿ ಹೋಗುತ್ತೆ. ವಾಪಸ್ ಬರ್ತಾರೆ."

"ಕೇಳಲ್ಲ."

"ಯಾಕಮ್ಮ ಇಷ್ಟು ಜಂಭ?"

"ಜಂಭ ಅಲ್ಲ ಕಣೇ. ಕೆಟ್ಟಿದ್ದೇ ಮಾತಿಂದ. ಅದಕ್ಕೆ ಮತ್ತೆ ಮಾತಿಂದಲೇ ತೇಪೆ ಹಾಕ್ಲಾ? ಧನ್ಯವಾದ ಆಯ್ತು, ಈಗ ಸಾರಿ. ಎರಡಕ್ಕೂ ಒಂದು ಕಾಸು ಖರ್ಚಿಲ್ಲ, ಅದಕ್ಕೇ ನಿಮ್ಮ ಮೇಷ್ಟ್ರು ಹಂಚಿಕೊಂಡು ತಿರುಗ್ತಿದ್ದಾರೆ."

ಬೆಳಿಗ್ಗೆ ಅವಳು ಅನ್ನಕ್ಕಿಟ್ಟು, ಬೀಗದಕೈ ಮಗಳ ಕೈಗೆ ಹಾಕಿ, "ಗಲ್ಲಾ ನೋಡ್ಕೋ," ಎಂದು ಹಿತ್ತಲಿಗೆ ಇಳಿದಳು. ಹಾಸ್ಟೆಲಿನ ಹಾಸಿಗೆಗಳು ಅಂಗಳದ ತುಂಬ ಬಿದ್ದಿದ್ದವು. ಶೆಡ್ಡಿನ ಹೊಸ್ತಿಲ ಹೊರಗೆ ನಿಂತು ಕೇಳಿದಳು.

"ಕೆಲಸ ಇದೆಯಾ?"

ಅತ್ತಿಗೆ ತಲೆಯೆತ್ತಿದಳು. "ಇದೆ. ದಬ್ಬಳ ಹಿಡಿದು ಗೊತ್ತಾ?"

"ಗೊತ್ತು. ಕೈ ತಪ್ಪಿದೆ."

"ಮುಂಚೆ ಎಲ್ಲಿ ಕೆಲಸಕ್ಕಿದ್ದೆ?"

"ಮುಂದುಗಡೆ ಅಂಗಡೀಲಿ."

"ಅಲ್ಲಿ ಯಾಕೆ ಬಿಟ್ಟೆ?"

ಯಜಮಾನಿ ಗದ್ದ ಮೇಲೆತ್ತಿಯೇ ಹೇಳಿದಳು: "ಯಜಮಾನಿ ಸರಿಯಿಲ್ಲ. ಬಾಯಿ ಜಾಸ್ತಿ. ಎದುರಿಗೆ ಕೂತು ದುಡಿಯೋರನ್ನ ಕೇಳದೆ ಅವರ ಕೆಲಸಾನೇ ಮಾರೋಕೆ ಹೊರಟಿದ್ಲು."

"ಎದುರಿಗಲ್ಲ. ಬೆನ್ನು ಹಾಕಿ ಕೂತು."

"ಹೂಂ. ಬೆನ್ನು ಹಾಕಿ."

ಅತ್ತಿಗೆಯ ತುಟಿ ಸೊಟ್ಟಗಾಯಿತು. ನಗುವೋ ಅಳುವೋ, ಅವಳು ತೋರಿಸಿಕೊಳ್ಳಲಿಲ್ಲ. "ನೋಡು, ನಾನು ಮತ್ತೆ ಆ ಕೋಣೆಗೆ ಬಂದು ಕೂರಲ್ಲ. ಅದನ್ನ ಮನಸ್ಸಲ್ಲಿ ಇಟ್ಕೊಂಡು ಬಂದಿದ್ರೆ ಈಗಲೇ ಹೋಗು."

"ಬರಬೇಡ."

"ಮುಂದುಗಡೆಯಿಂದ ಹೊಸ ಹಾಸಿಗೆ ಟಾಕಿಗೆ ಬಂದ್ರೂ ಬೆಲೆ ನಾನೇ ಹೇಳೋದು. ಚೌಕಾಸಿ ಇಲ್ಲ."

"ಸ್ವಲ್ಪ ಚೌಕಾಸಿ ಮಾಡ್ತೀನಿ. ಇಲ್ದಿದ್ರೆ ನನಗೆ ಊಟ ಸೇರಲ್ಲ."

"ಮಾಡ್ಕೋ. ನಾನು ಇಳಿಸಲ್ಲ. ಕೂಲಿ ಶನಿವಾರ ಕೊಡ್ತೀನಿ."

"ನನಗೆ ಕೂಲಿ ಯಾಕೆ? ನಾನು ಮನೆಯವಳಲ್ವಾ?" ಎಂದುಬಿಟ್ಟಳು ಯಜಮಾನಿ. ಎಂದ ಕ್ಷಣವೇ ನಾಲಗೆ ಕಚ್ಚಿಕೊಂಡಳು.

ಅತ್ತಿಗೆ ದಬ್ಬಳ ಕೆಳಗಿಟ್ಟಳು. "ಆ ಮಾತು ಈ ಅಂಗಡೀಲಿ ನಡೆಯಲ್ಲ. ದುಡಿದವರಿಗೆ ಕೂಲಿ. ಕೂತ್ಕೋ."

ಕೂತಳು. ಮಂಡಿ ಮಡಚಲು ಬಾರದೆ ಒಂದು ಕಾಲು ಚಾಚಿಕೊಂಡು ಕೂತಳು. ಮೊದಲನೆಯ ದಿನ ಹಾಕಿದ ಟಾಕನ್ನೆಲ್ಲ ಅತ್ತಿಗೆ ಕತ್ತರಿಸಿ ಬಿಚ್ಚಿ ಮುಂದೆ ಹಾಕಿದಳು. "ಇದು ಹಾಸಿಗೆಗಾ, ಗೋಣಿಚೀಲಕ್ಕಾ?" ಎರಡನೆಯ ದಿನ ಬೆರಳು ಚುಚ್ಚಿ ರಕ್ತ ಬಂತು, ಬಟ್ಟೆ ಸುತ್ತಿಕೊಂಡು ಹೊಲಿದಳು. ಬಾಯಿಯಂತೂ ಇಬ್ಬರದೂ ನಿಲ್ಲಲಿಲ್ಲ. ಬಡಿದದ್ದು ಸಾಲದು ಎಂದು ಇವಳು, ಬಡಿಯುವುದು ನನಗೆ ಹೇಳಿಕೊಡಬೇಡ ಎಂದು ಅವಳು. ಅಂಗಳದಲ್ಲಿ ಬಿಸಿಲು ಕಾಯುತ್ತಿದ್ದ ಅಜ್ಜಿಗೆ ಇಬ್ಬರ ಕೂಗಾಟವೂ ಕೇಳುತ್ತಿತ್ತು, "ಕೆಳಗೆ ಶಾಂತಿಯಾಗಿದೆ," ಎಂದು ಮಗನಿಗೆ ವರದಿ ಕೊಡುತ್ತಿದ್ದಳು. ಅಡಿಗೆಯನ್ನು ಈಗ ಅಜ್ಜಿಯೊಬ್ಬಳನ್ನು ಬಿಟ್ಟು ಎಲ್ಲರೂ ಸರದಿಯ ಮೇಲೆ ಮಾಡತೊಡಗಿದ್ದರು, ಗಂಡನ ಸರದಿಯ ದಿನ ಬರೀ ಮೊಟ್ಟೆ. ಶನಿವಾರ ಕೂಲಿ ಕೈಗೆ ಬಂದಾಗ ಯಜಮಾನಿ ಅದನ್ನು ಗಲ್ಲಾಪೆಟ್ಟಿಗೆಗೆ ಹಾಕಲಿಲ್ಲ. ದುಡ್ಡು ಅವಳ ಕೈಯಿಂದ ದಿನವೂ ಹಾಯುತ್ತಿತ್ತು, ಆದರೆ ಇಷ್ಟು ಖುಷಿಯನ್ನು ಅದು ಯಾವತ್ತೂ ಕೊಟ್ಟಿರಲಿಲ್ಲ. ಬೇರೆ ಚೀಲದಲ್ಲಿ ಇಟ್ಟುಕೊಂಡಳು, ಯಾರಿಗೂ ತೋರಿಸಲಿಲ್ಲ.

ಮಗಳು ಮೊದಮೊದಲು ಮುಖ ಊದಿಸಿಕೊಂಡಿದ್ದಳು. ಗಲ್ಲಾದಲ್ಲಿ ಕೂತು ಗಿರಾಕಿಗಳ ಬಾಯಿಗೆ ಸಿಕ್ಕಿದ ಮೇಲೆ ಅವಳ ಮಾತೂ ಅಮ್ಮನ ಮಾತಿನಂತೆಯೇ ಚುರುಕಾಯಿತು. ಫೋಮು ಬೇಕೆಂದವರಿಗೆ ಫೋಮು ಕೊಟ್ಟಳು, ಹತ್ತಿ ಬೇಕೆಂದವರಿಗೆ "ಟಾಕಿನ ಬೆಲೆ ಹಿತ್ತಲಲ್ಲಿ ಕೇಳಿ ಬರ್ತೀನಿ," ಎಂದು ಎದ್ದು ಹೋಗಿ ಕೇಳಿ ಬಂದಳು. ಅತ್ತೆ ಹೇಳಿದ ಬೆಲೆಯನ್ನೇ ಹೇಳಿದಳು.

ಇಷ್ಟರಲ್ಲಿ ವರ್ತಕರ ಸಂಘದ ಅಧ್ಯಕ್ಷರು ಕೋಟಿನ ಮೇಷ್ಟ್ರನ್ನೂ ಕರೆದುಕೊಂಡು ಅಂಗಡಿಗೆ ಬಂದರು. ಶಿಬಿರದ ಮನೆಗೆಲಸವನ್ನು ಅಕ್ಷರಶಃ ಮಾಡಿದವರು ಊರಲ್ಲಿ ಇವರೊಬ್ಬರೇ ಎಂಬ ಸುದ್ದಿ ಅವರಿಗೆ ಮುಟ್ಟಿತ್ತು, ಆಮೇಲೆ ನಡೆದದ್ದು ಮುಟ್ಟಿರಲಿಲ್ಲ. ಸಂಘದ ವಾರ್ಷಿಕ ಸಭೆಯಲ್ಲಿ ಯಜಮಾನಿ ವೇದಿಕೆ ಹತ್ತಿ, ಕೃತಜ್ಞತೆಯಿಂದ ವ್ಯಾಪಾರ ಹೇಗೆ ಬೆಳೆಯಿತೆಂದು ನಾಲ್ಕು ಮಾತು ಆಡಬೇಕಂತೆ. ಕರೆಯೋಲೆಯಲ್ಲಿ ಹೆಸರನ್ನು ಆಗಲೇ ಅಚ್ಚು ಹಾಕಿಸಿದ್ದರು. ಮಗಳು ಸಂಭ್ರಮದಿಂದ ಒಪ್ಪಿಕೊಂಡುಬಿಟ್ಟಳು.

ಸಭೆಯ ದಿನ ಮಧ್ಯಾಹ್ನ ಮಗಳು ಇಸ್ತ್ರಿ ಮಾಡಿದ ಸೀರೆ ತೋಳಿಗೆ ಹಾಕಿಕೊಂಡು ಶೆಡ್ಡಿನ ಬಾಗಿಲಿಗೆ ಬಂದಳು. ಅಪ್ಪ ಗಾಡಿ ಒರೆಸಿ ನಿಲ್ಲಿಸಿದ್ದ.

"ಅಮ್ಮ, ಏಳು. ಜನ ಸೇರಿದ್ದಾರಂತೆ. ಅಧ್ಯಕ್ಷರು ಎರಡು ಸಲ ಫೋನ್ ಮಾಡಿದ್ರು."

ಯಜಮಾನಿ ಕೈಯಲ್ಲಿದ್ದ ಹಾಸಿಗೆಯನ್ನೂ ಅಂಗಳದಲ್ಲಿ ಉಳಿದ ರಾಶಿಯನ್ನೂ ನೋಡಿದಳು. ಹಾಸ್ಟೆಲ್ ತೆಗೆಯುವುದಕ್ಕೆ ಹೆಚ್ಚು ದಿನ ಇರಲಿಲ್ಲ. ಅತ್ತಿಗೆಯ ಕಡೆ ತಿರುಗಿದಳು.

"ಅರ್ಧ ದಿನ ರಜಾ ಬೇಕಿತ್ತು."

"ಯಾತಕ್ಕೆ?"

"ನಾನು ಎಷ್ಟು ಒಳ್ಳೆ ಯಜಮಾನಿ ಅಂತ ಭಾಷಣ ಮಾಡೋದಿದೆ."

ಅತ್ತಿಗೆ ಟಾಕು ಬಿಗಿದಳು, ದಾರ ಕಡಿದಳು. "ಇಷ್ಟು ಕೆಲಸ ಬಿದ್ದಿದೆ. ರಜಾ ಇಲ್ಲ."

"ಅತ್ತೆ!" ಎಂದಳು ಮಗಳು. "ಅಮ್ಮ, ನೀನು ಎದ್ದು ಬಾ. ಶೆಡ್ಡು ನಮ್ಮದೇ ಅಲ್ವಾ? ಯಾರನ್ನ ಕೇಳಬೇಕು?"

ಎದ್ದು ಹೋಗಬಹುದಿತ್ತು. ಸೀರೆ ಸಿದ್ಧವಿತ್ತು, ಗಾಡಿ ಸಿದ್ಧವಿತ್ತು, ವೇದಿಕೆಯ ಮೇಲೆ ಅವಳಿಗೆಂದೇ ಒಂದು ಕುರ್ಚಿಯಿತ್ತು. ಊರಿನ ವರ್ತಕರೆಲ್ಲ ತನಗಾಗಿ ಕಾದಿದ್ದಾರೆ ಎಂದುಕೊಂಡಾಗ ಯಜಮಾನಿಗೆ ಒಳಗೊಳಗೇ ಆಸೆಯಾಗಲಿಲ್ಲ ಎಂದರೆ ಸುಳ್ಳು. ಅವಳು ದಾರದ ತುದಿಯನ್ನು ಬಾಯಲ್ಲಿ ಒದ್ದೆಮಾಡಿ, ಬೆಳಕಿಗೆ ಹಿಡಿದು, ದಬ್ಬಳದ ಕಣ್ಣಿಗೆ ಏರಿಸಿದಳು.

"ನೀನೇ ಹೋಗು ಮಗಳೇ. ಎಲ್ಲರಿಗೂ ಕೇಳೋ ಹಾಗೆ ಮೈಕಿನಲ್ಲೇ ಹೇಳು," ಎಂದಳು. "ಅಮ್ಮ ಕೆಲಸಕ್ಕೆ ಹೋಗಿದ್ದಾಳೆ, ಯಜಮಾನಿ ರಜಾ ಕೊಡಲಿಲ್ಲ ಅಂತ."